ಹದಿನಾಲ್ಕನೇ ನಂಬರಿನ ಮುಚ್ಚಳ

ಗುರುವಾರ, 13 ಫೆಬ್ರವರಿ 2025. ಬೆಳಗ್ಗೆ 11.15ಕ್ಕೆ ನವಿ ಮುಂಬೈಯ ನೆರೂಳ ಠಾಣೆಗೆ ಬಂದ ಮಹಾದೇವಪ್ಪನ ಒಂದು ಕೈಯಲ್ಲಿ ಆಸ್ಪತ್ರೆಯ ಚೀಟಿ, ಇನ್ನೊಂದರಲ್ಲಿ ಹೆಂಡತಿಯ ಒಂಟಿ ಚಪ್ಪಲಿ ಇತ್ತು. ಅವನ ಅಂಗಿಯ ಮೇಲೆ ಸಿಮೆಂಟು ಇನ್ನೂ ಒಣಗಿರಲಿಲ್ಲ. ಹವಾಲ್ದಾರ್ ಜೈಭೀಮ ಅವನನ್ನು ಬೆಂಚಿನ ಮೇಲೆ ಕೂರಿಸಿದ. ಹೆಸರು ಕೇಳಿದ ಕೂಡಲೇ ಹಿಂದಿ ಬಿಟ್ಟು ಕನ್ನಡಕ್ಕೆ ಬಂದ. ಮಹಾದೇವಪ್ಪ ಜೇವರ್ಗಿ ಕಡೆಯವನು, ಜೈಭೀಮನ ಮನೆತನವೂ ಕಲಬುರಗಿಯದೇ.

“ಏನಾಗ್ಯದ ಹೇಳು.”

“ನಮ್ಮಾಕಿಗಿ ಗಾಡಿ ಬಡದು ಹೋಗ್ಯಾರ್ರಿ. ಶರಣಬಸಮ್ಮ ಅಂತ ಹೆಸರು. ಇಬ್ಬರೂ ಸೀವುಡ್ಸ್ ಕಡೀ ಸೈಟಿನ್ಯಾಗ ಕೆಲಸ ಮಾಡ್ತೀವಿ. ನಾ ಮುಂದ ಹೋಗಿದ್ದೆ, ಆಕಿ ರೊಟ್ಟಿ ಡಬ್ಬಿ ತಗೊಂಡು ಹಿಂದಿಂದ ಬರ್ಲಾಕತ್ತಿದ್ಲು. ಡಾಕ್ಟರ್ ಹೊಟ್ಟ್ಯಾಗ ರಕ್ತ ಅದ ಅಂತಾರ.”

“ಗಾಡಿ ನಂಬರ್?”

“ಯಾರೂ ನೋಡಿಲ್ರಿ.”

11.40ಕ್ಕೆ FIR ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 125(ಬಿ). ಅಪಘಾತದ ಸುದ್ದಿಯನ್ನು ಪೊಲೀಸರಿಗೆ ತಿಳಿಸದೆ ಹೋದದ್ದಕ್ಕೆ ಮೋಟಾರು ವಾಹನ ಕಾಯಿದೆಯ ಕಲಂ 134. ಆರೋಪಿ: ಅಪರಿಚಿತ ವಾಹನದ ಚಾಲಕ.

ತನಿಖೆ ಇನ್ಸ್‌ಪೆಕ್ಟರ್ ಲತೇಶ್ ಸಾಲ್ಯಾನರ ಪಾಲಿಗೆ ಬಂತು. ಅವರ ತಂದೆ ಉಡುಪಿಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿದವರು. ಲತೇಶ್ ಹುಟ್ಟಿದ್ದು, ಓದಿದ್ದು, ಪೊಲೀಸಾದದ್ದು ಎಲ್ಲ ಇಲ್ಲೇ. ಮಾತು ಮಾತ್ರ ಮನೆಯದು. ಜೈಭೀಮನನ್ನೂ ಕಾನ್‌ಸ್ಟೇಬಲ್ ಅನಘಳನ್ನೂ ಕರೆದುಕೊಂಡು ಅವರು ಮೊದಲು ಆಸ್ಪತ್ರೆಗೆ ಹೋದರು.

ಸರ್ಜನ್ ಸುಲೋಚನಾ ಬೆಂಗಳೂರಿನವರು. ICU ಬಾಗಿಲಲ್ಲೇ ನಿಂತು ಮಾತಾಡಿದರು.

“ಗುಲ್ಮದಲ್ಲಿ ಸೀಳಿದೆ. ಎಡ ಪಕ್ಕೆಲುಬಿನ ಕೆಳಗಿರುತ್ತಲ್ಲ, ಸ್ಪ್ಲೀನ್, ಅದು. ಬಿಪಿ ಇಳಿದಿಲ್ಲ, ರಕ್ತ ಸೋರೋದು ನಿಂತ ಹಾಗಿದೆ. ಅದಕ್ಕೇ ಈಗಲೇ ಕೊಯ್ಯಲ್ಲ. ಗಂಟೆಗೊಂದು ಸಲ ನೋಡ್ತಿರ್ತೀವಿ. ಇಳೀತು ಅಂದ್ರೆ ಆಪರೇಷನ್.”

“ಹೊರಗೆ ಗಾಯ ಉಂಟಾ?”

“ಸ್ವಲ್ಪ ಕಂದಿದೆ, ಅಷ್ಟೇ. ಹೊಟ್ಟೆ ಪೆಟ್ಟಿನ ಮೋಸವೇ ಅದು. ಇವರು ಎದ್ದು ನಡೆದುಕೊಂಡೇ ಒಳಗೆ ಬಂದರು. ಎಡ ಭುಜ ನೋವು ಅಂದರು. ಭುಜಕ್ಕೆ ಏಟೇ ಬಿದ್ದಿಲ್ಲ. ಹೊಟ್ಟೆಯೊಳಗೆ ರಕ್ತ ಸೇರಿದ್ರೆ ಅಲ್ಲಿ ನೋಯುತ್ತೆ. ಡ್ಯೂಟಿಯಲ್ಲಿದ್ದ ಹುಡುಗ ಭುಜದ ಎಕ್ಸ್‌ರೇ ತೆಗೆಸಿ, ಮಾತ್ರೆ ಬರೆದು ಮನೆಗೆ ಕಳಿಸೋದರಲ್ಲಿದ್ದ. ನಿಲ್ಲಿಸಿದ್ದು ಇವರನ್ನು ಕರೆತಂದ ರಿಕ್ಷಾದವನು.”

ರಿಕ್ಷಾದವನು ಇನ್ನೂ ಆಸ್ಪತ್ರೆಯ ಗೇಟಿನ ಹೊರಗೇ ಇದ್ದ. ಹೆಸರು ದಿಲೀಪ, ರಾಯಚೂರಿನವನು. ಪೊಲೀಸರನ್ನು ಕಂಡು ರಿಕ್ಷಾದಿಂದ ಇಳಿದು ಬ್ಯಾಡ್ಜು ಸರಿಮಾಡಿಕೊಂಡ.

“ಎಷ್ಟು ಗಂಟೆಗೆ ಹತ್ತಿಸಿದೆ?”

“ಏಳೂ ಮುಕ್ಕಾಲು ಆಗಿತ್ರೀ.”

“ಹತ್ತಿಸಿದವರು ಯಾರು?”

“ಬಡದಾಕೀನ. ಒಬ್ಬ ಆಂಟಿ. ಕೆನೆ ಬಣ್ಣದ ಸ್ಕೂಟಿ. ಹೆಲ್ಮೆಟ್ ತಗೀಲೇ ಇಲ್ಲ. ಕನ್ನಡದಾಗ ಮಾತಾಡಿದ್ಳು, ಆದ್ರ ನಮ್ಮ ಕನ್ನಡ ಅಲ್ಲ, ನಿಮ್ಮಂಗ. ನನ್ನ ಕೈ ಹಿಡಕೊಂಡು ಹೇಳಿದ್ಳ್ರೀ, ‘ತಮ್ಮಾ, ಹೊಟ್ಟೆ ಸ್ಕ್ಯಾನ್ ಮಾಡಿಸದೆ ಇವರನ್ನು ಬಿಡಬೇಡ. ಡಾಕ್ಟರ್ ಬೇಡ ಅಂದರೂ ಬಿಡಬೇಡ’ ಅಂತ.”

“ನೀನು ಏನು ಮಾಡಿದೆ?”

“ಅವರು ಮನೀಗೆ ಹೋಗ್ರಿ ಅಂದ್ರು. ನಾ ಆಂಬುಲೆನ್ಸ್ ಬರೋ ದಾರಿಗೆ ರಿಕ್ಷಾ ಅಡ್ಡ ನಿಲ್ಲಿಸಿ ಚಾವಿ ಕಿಸೆದಾಗ ಹಾಕ್ಕೊಂಡೆ. ಸ್ಕ್ಯಾನ್ ಆಗೋತನಕ ತಗೀಯಂಗಿಲ್ಲ ಅಂದೆ. ಸೆಕ್ಯುರಿಟಿ ಬಂದ, ಮ್ಯಾನೇಜರ್ ಬಂದ. ಗದ್ದಲ ಕೇಳಿ ಈ ದೊಡ್ಡ ಡಾಕ್ಟರಮ್ಮ ಬಂದ್ರು. ಅವರು ನನಗ ಬೈದ್ರು, ಆಮ್ಯಾಗ ಮಷೀನ್ ತರಿಸಿದ್ರು.”

ಲತೇಶ್ ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದರು. “ಆಂಬುಲೆನ್ಸ್ ದಾರಿಗೆ ಅಡ್ಡ ನಿಲ್ಲಿಸುವುದು ಅಪರಾಧ, ಗೊತ್ತುಂಟಾ?”

“ಗೊತ್ತೈತ್ರೀ.”

“ಇನ್ನೊಮ್ಮೆ ಮಾಡಬೇಡ.” ಹೇಳಿಕೆಯ ಕೊನೆಗೆ ಸಹಿ ಹಾಕಿಸಿಕೊಂಡು ಅವನ ಬೆನ್ನು ತಟ್ಟಿದರು.

ಶರಣಬಸಮ್ಮನ ಜೊತೆ ಐದು ನಿಮಿಷ ಮಾತಾಡಲು ಡಾಕ್ಟರು ಬಿಟ್ಟರು. ಆಕೆ ಮಲಗಿದ್ದಲ್ಲೇ ಸೆರಗು ಹುಡುಕಿ, ಆಸ್ಪತ್ರೆಯ ಗೌನಿನಲ್ಲಿ ಸೆರಗಿಲ್ಲವೆಂದು ಗೊತ್ತಾಗಿ ನಕ್ಕಳು.

“ಬಡಿದದ್ದು ಏನು, ನೋಡಿದ್ರಾ?”

“ಪಾತ್ರೀ ರೀ. ಆಕೀ ಕಾಲಾಗ ದೊಡ್ಡ ಸ್ಟೀಲ್ ಪಾತ್ರೀ ಇತ್ತು. ನಾ ಡಿವೈಡರ್ ಸಂದಿಯಾಗಿಂದ ಇಳದೆ, ಆಕಿ ಬಂದ್ಳು, ದಡಲ್ ಅಂತು. ಬಿದ್ದಮ್ಯಾಲ ನೋಡ್ತೀನಿ, ಮೈತುಂಬ ಪಾಯಸ. ಜಲ್ಮದಾಗ ಅಷ್ಟು ಪಾಯಸ ಒಮ್ಮೀನೂ ನೋಡಿಲ್ರಿ. ಒಂದ ಹನಿ ಬಾಯಾಗ ಬೀಳಲಿಲ್ಲ.”

ಪಕ್ಕದ ನರ್ಸು ಮುಖ ಆಚೆ ತಿರುಗಿಸಿಕೊಂಡಳು. ಲತೇಶ್ ‘ಪಾಯಸ’ ಎಂದು ಬರೆದು ಕೆಳಗೆ ಗೆರೆ ಎಳೆದರು.

ಸ್ಥಳ ಪಂಚನಾಮೆ ಮಧ್ಯಾಹ್ನ 1.10ಕ್ಕೆ ಶುರುವಾಯಿತು. ನೆರೂಳದಿಂದ ಸೀವುಡ್ಸ್‌ಗೆ ಹೋಗುವ ರಸ್ತೆ. ನಡುವಿನ ಡಿವೈಡರ್‌ನಲ್ಲಿ ಎರಡಡಿ ಅಗಲದ ಸಂದಿ. ಸೈಟಿನ ಕೆಲಸದವರು ದಿನಾ ದಾಟುವ ದಾರಿ. ಸರಿಯಾದ ಜೀಬ್ರಾ ದಾರಿ ಮುನ್ನೂರು ಮೀಟರ್ ಆಚೆಗಿತ್ತು, ಅದರ ಬಣ್ಣವೂ ಅಳಿಸಿಹೋಗಿತ್ತು. ಸಂದಿಯ ಎರಡೂ ಬದಿಗೆ ಬೋಗನ್‌ವಿಲ್ಲಾ ಆಳೆತ್ತರಕ್ಕೆ ಬೆಳೆದು ಗುಲಾಬಿ ಬಣ್ಣದಲ್ಲಿ ತುಂಬಿ ನಿಂತಿತ್ತು.

ರಸ್ತೆಯ ಮೇಲೆ ಏಳಡಿ ಉದ್ದದ ಹಳದಿ ಕಲೆ, ಅದರ ತುಂಬ ಇರುವೆ. ಲತೇಶ್ ಕುಕ್ಕುರುಗಾಲಲ್ಲಿ ಕೂತು ಮೂಸಿದರು.

“ಬೆಲ್ಲ, ತೆಂಗಿನ ಹಾಲು, ಏಲಕ್ಕಿ. ಕಡ್ಲೆಬೇಳೆ ಪಾಯಸ. ನಮ್ಮ ಕಡೆಯವರದ್ದೇ. ಸ್ವಲ್ಪ ಹೆಚ್ಚು ಬೆಲ್ಲ ಹಾಕಿದ್ದಾರೆ.”

“ಪಂಚನಾಮೆದಾಗ ಹೆಚ್ಚು ಬೆಲ್ಲ ಅಂತ ಬರೀಲೇನ್ರಿ ಸರ್?” ಜೈಭೀಮ ಕೇಳಿದ.

“ಹಳದಿ ಬಣ್ಣದ ಸಿಹಿ ಪದಾರ್ಥ ಅಂತ ಬರಿ, ಸಾಕು.”

ಅನಘ ಗಿಡದೊಳಗೆ ಕೈ ಹಾಕಿ, ಮುಳ್ಳು ಗೀರಿಸಿಕೊಂಡು, ಒಂದು ಸ್ಟೀಲಿನ ಮುಚ್ಚಳ ಹೊರಗೆಳೆದಳು. ಠಾಣೆಯಲ್ಲಿ ಅವಳ ಮಾತು ಮರಾಠಿ, ಲತೇಶರ ಜೊತೆ ಹಿಂದಿ. ಮುಚ್ಚಳದ ಅಂಚಿನಲ್ಲಿ ಕೊರೆದಿದ್ದನ್ನು ಬೆಳಕಿಗೆ ಹಿಡಿದು, “ಸರ್, ಯೇ ಡಿಸೈನ್ ಹೈ ಕ್ಯಾ?” ಎಂದಳು.

ಡಿಸೈನ್ ಅಲ್ಲ. ಕನ್ನಡ ಅಕ್ಷರ, ಕನ್ನಡದ ಅಂಕಿ: ಕ.ಸಂ. ೧೪.

ಮುಚ್ಚಳವನ್ನು ಪಂಚರ ಎದುರು ವಶಪಡಿಸಿಕೊಂಡು ಬಟ್ಟೆಯಲ್ಲಿ ಹೊಲಿಸಿ ಅರಗು ಹಾಕಿಸಿದ ಮೇಲೂ ಲತೇಶ್ ಹೊರಡಲಿಲ್ಲ. ಠಾಣೆಯ ಸ್ಕೂಟರಿನ ಮೇಲೆ ಅನಘಳನ್ನು ಕೂರಿಸಿ, ಜೈಭೀಮನನ್ನು ಸಂದಿಯಲ್ಲಿ ನಿಲ್ಲಿಸಿ, ಟೇಪು ಹಿಡಿದು ಅಳೆದರು. ಗಿಡದ ಹಿಂದಿನ ಮನುಷ್ಯ ಸವಾರರ ಕಣ್ಣಿಗೆ ಬೀಳುವುದು ಒಂಬತ್ತು ಮೀಟರ್ ಹತ್ತಿರ ಬಂದಾಗ. ಮೂವತ್ತರ ವೇಗದಲ್ಲಿರುವ ಸ್ಕೂಟರ್ ನಿಲ್ಲಲು ಏನಿಲ್ಲವೆಂದರೂ ಹದಿಮೂರು ಬೇಕು.

“ಯಾರು ಬಂದಿದ್ದರೂ ಬಡಿಯುತ್ತಿತ್ತು. ನಾಳೆ ಇನ್ನೊಬ್ಬ ಬಡಿಯುತ್ತಾನೆ,” ಎಂದು ಅವರು ಪಾಲಿಕೆಯ ಉದ್ಯಾನ ವಿಭಾಗಕ್ಕೆ ಅಲ್ಲಿಂದಲೇ ಫೋನ್ ಮಾಡಿದರು. ಅಲ್ಲಿಯವರು ಅರ್ಜಿ ಕಳಿಸಿ ಎಂದರು. ಲತೇಶ್ ಸ್ಕೂಟರಿನ ಸೀಟಿನ ಮೇಲೆ ಕಾಗದ ಇಟ್ಟು ಅರ್ಜಿ ಬರೆದು, ಫೋಟೋ ತೆಗೆದು ಕಳಿಸಿದರು. ನಾಲ್ಕು ಗಂಟೆಗೆ ಇಬ್ಬರು ಮಾಲಿಗಳು ಕತ್ತರಿ ಹಿಡಿದು ಬಂದರು. ಗಿಡ ಮೊಣಕಾಲೆತ್ತರಕ್ಕೆ ಇಳಿಯಿತು. ಕೆಲಸ ಬಿಟ್ಟು ಬರುತ್ತಿದ್ದ ಹೆಂಗಸರು ಕೊಯ್ದ ಹೂವಿನ ಟೊಂಗೆಗಳನ್ನು ತಲೆ ಮೇಲೆ ಹೊತ್ತುಕೊಂಡು ಶೆಡ್ಡುಗಳತ್ತ ಹೋದರು. ಅಪಘಾತದ ಜಾಗದಲ್ಲಿ ಅಷ್ಟು ನಗು ಕೇಳಿಸಿದ್ದು ಜೈಭೀಮನ ಹನ್ನೆರಡು ವರ್ಷದ ಸರ್ವೀಸಿನಲ್ಲಿ ಮೊದಲ ಸಲ.

ಸಂಜೆ ಜೈಭೀಮ ಆಸ್ಪತ್ರೆಗೆ ಹೋಗಿ ಬಂದು ವರದಿ ಕೊಟ್ಟ. “ಬಿಪಿ ಸರಿ ಅದರಿ. ಮಹಾದೇವಪ್ಪಗ ಊಟದ ಚಿಂತಿ ಇಲ್ಲ. ಕನ್ನಡದವರು ಅಂತ ಕೇಳಿ ಯಾರೋ ಅಕ್ಕಾರು ಬಂದಾರ, ಡಬ್ಬಿ ತಂದಾರ, ರಕ್ತಾನೂ ಕೊಟ್ಟಾರ. ನನಗೂ ಚಾ ಕೊಟ್ರು. ಭಾಳ ಛಲೋ ಮಂದಿರಿ.”

ಶುಕ್ರವಾರ ಬೆಳಗ್ಗೆ 9.20ಕ್ಕೆ ಸುಲೋಚನಾ ಫೋನ್ ಮಾಡಿದರು. ದನಿ ನಿನ್ನೆಯದಾಗಿರಲಿಲ್ಲ.

“ಇನ್ಸ್‌ಪೆಕ್ಟರ್, ಗಾಡಿ ಸಿಕ್ತಾ?”

“ಇಲ್ಲ. ಯಾಕೆ?”

“ಹೊಟ್ಟೆ ನೋವು ಜಾಸ್ತಿಯಾಗಿದೆ, ಜ್ವರ ಬಂದಿದೆ. ಗುಲ್ಮದಿಂದಲೂ ಹೀಗಾಗಬಹುದು. ಪಾತ್ರೆ ಬಡಿದಿದ್ರೆ ಇನ್ನೂ ಕಾಯಬಹುದು ಅನ್ಸುತ್ತೆ. ಆದರೆ ಹ್ಯಾಂಡಲಿನ ತುದಿ ಚುಚ್ಚಿದ್ರೆ ಬೇರೆ ಮಾತು. ಸಣ್ಣ ತುದಿ ಕರುಳನ್ನ ಬೆನ್ನುಮೂಳೆಗೆ ಒತ್ತಿಬಿಡುತ್ತೆ. ಆ ಸೀಳು ಮೊದಲ ದಿನದ ಸಿಟಿ ಸ್ಕ್ಯಾನಿನಲ್ಲಿ ಕಾಣದೇ ಹೋಗೋದುಂಟು. ಏನು ಬಡಿದಿದೆ ಅಂತ ನನಗೆ ಗೊತ್ತಾಗಬೇಕು. ಬೇಗ.”

“ಎಷ್ಟು ಸಮಯ ಉಂಟು?”

“ಮಧ್ಯಾಹ್ನದವರೆಗೆ ನೋಡ್ತೀನಿ. ಆಮೇಲೆ ಗೊತ್ತಾಗದಿದ್ರೂ ನಿರ್ಧಾರ ಮಾಡಬೇಕು.”

‘ಕ.ಸಂ.’ ಎಂದರೆ ಕನ್ನಡ ಸಂಘ ಎಂಬುದರಲ್ಲಿ ಲತೇಶರಿಗೆ ಅನುಮಾನವಿರಲಿಲ್ಲ. ಆದರೆ ಥಾಣೆಯಿಂದ ಖಾರಘರದವರೆಗೆ ಎಷ್ಟು ಸಂಘಗಳಿವೆಯೋ ಲೆಕ್ಕವಿಲ್ಲ. ಹಿಂದಿನ ದಿನ ಅನಘ ಹದಿನಾಲ್ಕು ಕಡೆ ಫೋನ್ ಮಾಡಿದ್ದಳು. ಶುಕ್ರವಾರ 10.30ಕ್ಕೆ ಹದಿನೇಳನೆಯದು ಹೌದೆಂದಿತು. ಸೀವುಡ್ಸ್‌ನ ಒಂದು ಸಣ್ಣ ಸಂಘ. ಸಮಾರಂಭಗಳಿಗೆ ಅಲ್ಲಿಂದ ಪಾತ್ರೆ ಕೊಡುತ್ತಾರೆ. ಪಾತ್ರೆಗಳ ಉಸ್ತುವಾರಿ ನೋಡುವವರು ಎಪ್ಪತ್ತರ ಜಯಶೀಲ ರಾವ್.

ಅವರು ಮುಚ್ಚಳದ ಫೋಟೋ ನೋಡಿ ಕನ್ನಡಕ ಮೇಲೇರಿಸಿದರು. “ಹದಿನಾಲ್ಕು. ನಮ್ಮದೇ ಮಾರಾಯ್ರೆ. ಎಲ್ಲಿ ಸಿಕ್ಕಿತು? ಪಾತ್ರೆ ಎಲ್ಲಿ?”

“ಯಾರು ಕೊಂಡುಹೋದದ್ದು?”

“ಸ್ವರ್ಣಲತಾ. ನೆರೂಳದಲ್ಲಿ ಮನೆ, ಅಡುಗೆ ಮಾಡಿಕೊಡುತ್ತಾರೆ. ನಿನ್ನೆ ಖಾರಘರದಲ್ಲಿ ಮಗಳ ಸೀಮಂತ. ಬುಧವಾರ ಬಂದು ತೆಗೆದುಕೊಂಡು ಹೋದರು. ಮುಚ್ಚಳ ಯಾವಾಗ ಕೊಡುತ್ತೀರಿ?”

“ಕೋರ್ಟು ಹೇಳಿದಾಗ.”

“ಮುಂದಿನ ಶನಿವಾರ ಒಂದು ಉಪನಯನ ಉಂಟಲ್ಲ,” ಎಂದು ಅವರು ನಿಜವಾದ ಚಿಂತೆಯಿಂದ ಹೇಳಿದರು.

11.35ಕ್ಕೆ ನೆರೂಳದ ಮನೆಯ ಬಾಗಿಲು ತೆರೆದದ್ದು ಸ್ವರ್ಣಲತಾಳ ಗಂಡ. ಹೆಂಡತಿ ಮನೆಯಲ್ಲಿಲ್ಲ, ನಿನ್ನೆ ಸೀಮಂತ ಮುಗಿಸಿ ಬಂದವಳೇ ಪರಿಚಯದವರು ಯಾರೋ ಆಸ್ಪತ್ರೆಯಲ್ಲಿದ್ದಾರೆಂದು ಹೋದಳು, ಇವತ್ತೂ ಹೋಗಿದ್ದಾಳೆ ಎಂದರು. ಯಾವ ಆಸ್ಪತ್ರೆ ಎಂದು ಅವರು ಹೇಳಿದ ಕೂಡಲೇ ಜೈಭೀಮ ಲತೇಶರ ಕಡೆ ನೋಡದೆ ನೆಲ ನೋಡಿದ. ನಿನ್ನೆ ಕುಡಿದ ಚಹಾದ ರುಚಿ ಅವನ ಬಾಯಿಗೆ ಮತ್ತೆ ಬಂದಿರಬೇಕು.

“ಸ್ಕೂಟರ್?”

“ಕೆಳಗೆ ಉಂಟು. ಲೈಸೆನ್ಸ್ ಆಗುವ ತನಕ ಮುಟ್ಟಬೇಡ ಅಂತ ಹೇಳಿದ್ದೆ. ಎರಡು ಸಲ ಟೆಸ್ಟಿನಲ್ಲಿ ಫೇಲ್ ಆಗಿದ್ದಾಳೆ.”

ಕೆನೆ ಬಣ್ಣದ ಸ್ಕೂಟರು ಕವರಿನ ಕೆಳಗಿತ್ತು. ಮುಚ್ಚಳವಿಲ್ಲದ ಆ ಪಾತ್ರೆಯನ್ನೇ ಮನೆಯಿಂದ ತರಿಸಿ ಕಾಲಿಡುವ ಜಾಗದಲ್ಲಿಟ್ಟರು. ಹ್ಯಾಂಡಲು ಅರ್ಧಕ್ಕಿಂತ ಹೆಚ್ಚು ತಿರುಗಲಿಲ್ಲ. ಎದುರಿಗೆ ಮನುಷ್ಯ ಬಂದರೆ ತಪ್ಪಿಸಲು ಜಾಗವೇ ಇಲ್ಲದಂತೆ ಆ ಪಾತ್ರೆ ಕೂತಿತ್ತು. ಅನಘ ಟೇಪು ಹಿಡಿದಳು. ಪಾತ್ರೆಯ ಅಂಚು ನೆಲದಿಂದ ಎರಡಡಿ ಮೂರಂಗುಲ.

“ಇದು ತೊಡೆಗೆ ತಾಗುತ್ತದೆ. ಹೊಟ್ಟೆಗೆ ತಾಗುವುದಿಲ್ಲ,” ಎಂದರು ಲತೇಶ್.

ಬಲಗಡೆಯ ಬ್ರೇಕಿನ ಹಿಡಿ ಒಳಕ್ಕೆ ಬಾಗಿತ್ತು. ಅದರ ತುದಿಯ ಗುಂಡಿಗೆ ಹಸಿರು ನೂಲೊಂದು ಸುತ್ತಿಕೊಂಡಿತ್ತು. ಶರಣಬಸಮ್ಮ ನಿನ್ನೆ ಉಟ್ಟಿದ್ದು ಹಸಿರು ಸೀರೆ. ನೆಲದಿಂದ ಹಿಡಿಯ ಎತ್ತರ ಮೂರಡಿ ಎರಡಂಗುಲ. ಗಿಡ್ಡ ಹೆಂಗಸಿನ ಪಕ್ಕೆಲುಬಿನ ಕೆಳಗೆ ಸರಿಯಾಗಿ ಕೂರುವ ಎತ್ತರ.

12.04ಕ್ಕೆ ಫೋಟೋಗಳು ಡಾಕ್ಟರಿಗೆ ಹೋದವು. ಕೆಳಗೆ ಲತೇಶ್ ಎರಡೇ ಪದ ಬರೆದಿದ್ದರು: ಹ್ಯಾಂಡಲಿನ ತುದಿ. ಒಂದು ನಿಮಿಷದೊಳಗೆ ಉತ್ತರ ಬಂತು: ‘ಮತ್ತೆ ಸಿಟಿ ಸ್ಕ್ಯಾನಿಗೆ ಕಳಿಸ್ತಿದ್ದೀನಿ.’ 12.50ಕ್ಕೆ ಇನ್ನೊಂದು: ‘ಕರುಳಿನಿಂದ ಗಾಳಿ ಹೊರಬಂದಿದೆ. ಥಿಯೇಟರಿಗೆ ಒಯ್ತಿದ್ದೀವಿ.’

ಅವರು ಆಸ್ಪತ್ರೆ ಮುಟ್ಟಿದಾಗ 1.20. ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಮಹಾದೇವಪ್ಪ ಕೂತಿದ್ದ. ಅವನ ಪಕ್ಕದಲ್ಲಿ ಐವತ್ತೈದರ ಆಸುಪಾಸಿನ ಹೆಂಗಸು, ಮಡಿಲಲ್ಲಿ ಫ್ಲಾಸ್ಕು, ಮೊಣಕೈ ಒಳಬದಿಯಲ್ಲಿ ರಕ್ತ ಕೊಟ್ಟ ಜಾಗದ ಕಂದು ಗುರುತು.

“ಸ್ವರ್ಣಲತಾ ಅಂದರೆ ನೀವಾ?”

ಅವಳು ಅನಘಳ ಸಮವಸ್ತ್ರ ನೋಡಿದಳು. “ಹೌದು.”

“ನಿನ್ನೆ ಬೆಳಗ್ಗೆ ಏಳೂ ನಲವತ್ತಕ್ಕೆ ಎಲ್ಲಿದ್ದಿರಿ?”

“ನಾನೇ ಬಡಿದದ್ದು.” ದನಿ ಏರಲಿಲ್ಲ. “ನಿನ್ನೆಯಿಂದ ಇವರಿಗೆ ಹೇಳಬೇಕು ಅಂತ ಬಾಯಿ ತೆರೆಯುತ್ತೇನೆ. ಇವರು ‘ಅಕ್ಕಾ, ನೀವು ದೇವರಂಗ ಬಂದ್ರಿ’ ಅಂತಾರೆ. ಬಾಯಿ ಮುಚ್ಚಿಹೋಗುತ್ತದೆ.”

ಮಹಾದೇವಪ್ಪ ಅವಳ ಮುಖವನ್ನೇ ನೋಡಿದ. ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟ. ಎದ್ದು ಕಿಟಕಿಯವರೆಗೆ ಹೋಗಿ ನಿಂತ.

“ಹೊಟ್ಟೆ ಸ್ಕ್ಯಾನ್ ಮಾಡಿಸು ಅಂತ ರಿಕ್ಷಾದವನಿಗೆ ಹೇಳಿದ್ದು ಯಾಕೆ?”

“ನನ್ನ ಅಣ್ಣ ಕಾರ್ಕಳದಲ್ಲಿ ಸೈಕಲಿನಿಂದ ಬಿದ್ದ. ಹ್ಯಾಂಡಲ್ ತಾಗಿತ್ತು. ಎದ್ದು ಬಂದು ಗಂಜಿ ಉಂಡ. ಭುಜ ನೋಯುತ್ತದೆ ಅಂತ ಅಮ್ಮ ಎಣ್ಣೆ ತಿಕ್ಕಿದರು. ಮರುದಿನ ಅವನಿಲ್ಲ. ನಿನ್ನೆ ಇವರು ಕೆಳಗೆ ಬಿದ್ದವರು ಎದ್ದು, ‘ಏನಾಗಿಲ್ಲ ಬಿಡ್ರಿ, ಭುಜ ಒಂದೀಟು ನೋಯ್ತದ’ ಅಂದರು. ಓಡಿಹೋಗಿ ಆ ರಿಕ್ಷಾ ನಿಲ್ಲಿಸಿದೆ.”

ಅನಘ ವಶಕ್ಕೆ ತೆಗೆದುಕೊಳ್ಳಲು ಮುಂದೆ ಬಂದಳು. ಸ್ವರ್ಣಲತಾ ಕೇಳಿದ್ದು ಒಂದೇ: “ಡಾಕ್ಟರ್ ಹೊರಗೆ ಬರುವ ತನಕ ಇಲ್ಲಿ ಕೂರಬಹುದಾ?”

ಲತೇಶ್ ಗಡಿಯಾರ ನೋಡಿದರು. “ಕೂರಿ.” ತಾವೂ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

3.45ಕ್ಕೆ ಸುಲೋಚನಾ ಮಾಸ್ಕ್ ಇಳಿಸಿಕೊಂಡು ಹೊರಬಂದರು. “ಸಣ್ಣ ಕರುಳಿನಲ್ಲಿ ಅರ್ಧ ಇಂಚಿನ ಸೀಳು. ಹೊಲಿದಿದ್ದೀವಿ. ಗುಲ್ಮ ತಾನೇ ವಾಸಿಯಾಗ್ತಿದೆ, ಅದನ್ನ ಮುಟ್ಟಿಲ್ಲ. ನಾಳೆಯವರೆಗೆ ಬಿಟ್ಟಿದ್ರೆ ಹೊಟ್ಟೆಯೆಲ್ಲ ನಂಜಾಗ್ತಿತ್ತು. ಇನ್ನು ಹೆದರೋದೇನಿಲ್ಲ, ಹತ್ತು ದಿನದಲ್ಲಿ ಮನೆಗೆ ಹೋಗ್ತಾರೆ.”

ಮಹಾದೇವಪ್ಪ ಮೊದಲು ಡಾಕ್ಟರಿಗೆ ಕೈಮುಗಿದ, ಆಮೇಲೆ ಲತೇಶರಿಗೆ, ಆಮೇಲೆ ಏನೂ ತೋಚದೆ ಎದುರಿಗಿದ್ದ ವಾರ್ಡ್‌ಬಾಯ್‌ಗೂ ಮುಗಿದ. ಜೈಭೀಮ ಅವನನ್ನು ತಬ್ಬಿಕೊಂಡ. ಅನಘ ಮರಾಠಿಯಲ್ಲಿ ಏನೋ ಹೇಳಿ ಕಣ್ಣೊರೆಸಿಕೊಂಡಳು.

ಸ್ವರ್ಣಲತಾ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. “ಹೋಗುವ,” ಎಂದಳು.

ಬಂಧನದ ಸಮಯ 3.58. ಲೈಸೆನ್ಸ್ ಇಲ್ಲದೆ ಓಡಿಸಿದ ಕಲಂ ಸೇರಿಸಲಾಯಿತು. ಎಲ್ಲವೂ ಜಾಮೀನು ಸಿಗುವ ಕಲಮುಗಳು.

“ಜಾಮೀನಿಗಿ ಯಾರರೆ ನಿಲ್ಲಬೇಕೇನ್ರಿ?” ಮಹಾದೇವಪ್ಪ ಹಿಂದಿನಿಂದ ಕೇಳಿದ. “ತಪ್ಪು ಮಾಡ್ಯಾರ, ಖರೇ. ಆದ್ರ ಬ್ಯಾರೆ ಯಾರೂ ಇಲ್ಲಂದ್ರ ನಾ ಬರ್ತೀನಿ.”

“ದೂರು ಕೊಟ್ಟವರೇ ನಿಲ್ಲಲಿಕ್ಕಾಗುವುದಿಲ್ಲ. ನೀನು ಹೆಂಡತಿ ಹತ್ತಿರ ಇರು,” ಎಂದರು ಲತೇಶ್. ಮೆಟ್ಟಿಲಿಳಿಯುವವರೆಗೂ ನಗು ತಡೆದುಕೊಂಡರು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಅವರು ಕೊನೆಯ ಪ್ರಶ್ನೆ ಕೇಳಿದರು. “ರಿಕ್ಷಾ ಹತ್ತಿಸಿದಿರಿ, ರಕ್ತ ಕೊಟ್ಟಿರಿ. ಠಾಣೆಗೆ ಯಾಕೆ ಬರಲಿಲ್ಲ? ಲೈಸೆನ್ಸಿನ ಹೆದರಿಕೆಯಾ?”

“ಅದು ಸ್ವಲ್ಪ. ಮಗಳಿಗೆ ಮೊದಲು ಎರಡು ಸಲ ಗರ್ಭ ನಿಲ್ಲಲಿಲ್ಲ. ಎರಡನೇ ಸಲ ಹೂ ಮುಡಿಸಿದ ಮರುದಿನವೇ ಹೋಯಿತು. ಅವತ್ತಿನಿಂದ ಅವಳು ಬೆಕ್ಕು ಅಡ್ಡ ಬಂದರೂ ಹೆದರುತ್ತಾಳೆ. ನಿನ್ನೆ ಅವಳು ಮಣೆಯ ಮೇಲೆ ಕೂತ ಹೊತ್ತಿಗೆ ‘ಅಮ್ಮ ಒಬ್ಬರಿಗೆ ಗಾಡಿ ಬಡಿದು ಪೊಲೀಸ್ ಸ್ಟೇಷನ್ನಿನಲ್ಲಿದ್ದಾಳೆ’ ಅಂತ ಸುದ್ದಿ ಹೋದರೆ? ಆರತಿ ಆಗಲಿ, ಆಮೇಲೆ ಹೋಗಿ ಹೇಳುತ್ತೇನೆ ಅಂದುಕೊಂಡೆ. ಒಂದು ಗಂಟೆ ಅಂದುಕೊಂಡದ್ದು ಒಂದು ದಿನ ಆಯಿತು.”

ಲತೇಶ್ ಅವಳು ಹೇಳಿದ ಹಾಗೆಯೇ ಬರೆದರು, ಒಂದು ಪದವನ್ನೂ ತಿದ್ದಲಿಲ್ಲ.

5.40ಕ್ಕೆ ಜಾಮೀನಿಗೆ ಸಹಿ ಹಾಕಲು ಬಂದವಳು ಮಗಳು ದಿಶಾ. ಏಳು ತಿಂಗಳ ಬಸುರಿ, ಎರಡೂ ಕೈತುಂಬ ಹಸಿರು ಬಳೆ. ಅಮ್ಮ ಮುಖ ಎತ್ತಲಿಲ್ಲ. ದಿಶಾ ಹೇಳಿಕೆಯ ಕೊನೆಯ ಪುಟವನ್ನು ಲತೇಶರಿಂದ ಹಿಂದಿಯಲ್ಲಿ ಕೇಳಿ ತಿಳಿದುಕೊಂಡು, ಕುರ್ಚಿ ಎಳೆದು ಅಮ್ಮನ ಪಕ್ಕ ಕೂತಳು.

“ವೋ ಔರತ್ ಠೀಕ್ ಹೈ ನಾ, ಸರ್?”

“ಠೀಕ್ ಹೈ.”

“ನೋಡು ಮಮ್ಮಿ, ಬದುಕಿದ್ದಾರೆ.” ಅವಳು ತನಗೆ ಬರುವಷ್ಟು ಕನ್ನಡ ಜೋಡಿಸಿಕೊಂಡು ಹೇಳಿದಳು. “ನನ್ನ ಸೀಮಂತದ ದಿನ ಒಬ್ಬರು ಬದುಕಿದ್ದಾರೆ. ಅಪಶಕುನ ಯಾವುದು ಇದರಲ್ಲಿ?”

ಅವಳು ಸಹಿ ಹಾಕಲು ಪೆನ್ನು ಕೇಳಿದಳು.